ಓದುಗರ ಪ್ರಶ್ನೆ: ಸುರಿದಾಗ ಚೆಂದ, ಬೆಳಿಗ್ಗೆ ನೋಡಿದ್ರೆ ಬೇರೆ!

ಪ್ರಶ್ನೆ: ಸರ್, ನಮ್ದು ಬನಶಂಕರಿ ಹತ್ರ ಬಾಡಿಗೆ ಮನೆ, ಒಂದು ಚಿಕ್ಕ ರೂಮು ಸುಮ್ನೆ ಇತ್ತು, ಅದನ್ನೇ ಸ್ಟುಡಿಯೋ ಮಾಡ್ಕೊಂಡು ಅಕ್ರಿಲಿಕ್ ಪೋರಿಂಗ್ (ತೆಳು ಮಾಡಿದ ಬಣ್ಣ ಸುರಿದು ಚಿತ್ರ ಮಾಡೋದು) ಶುರು ಮಾಡಿದೀನಿ. ಸುರಿದಾಗ ಸಖತ್ತಾಗಿರುತ್ತೆ, ಬೆಳಿಗ್ಗೆ ನೋಡಿದ್ರೆ ಡಿಸೈನ್ ಎಲ್ಲ ಒಂದು ಮೂಲೆಗೆ ಜಾರಿರುತ್ತೆ, ಬಿರುಕು ಬೇರೆ. ಬಣ್ಣ ಸರಾಗ ಹರೀಲಿ ಅಂತ ಕಲಸೋ ದುಬಾರಿ ಪೋರಿಂಗ್ ಮೀಡಿಯಂ ತಗೋಬೇಕಾ? ನಾದಿನಿ ನೋಡಿದ್ರೆ ರೆಸಿನ್ (ಗಟ್ಟಿಯಾಗಿ ಗಾಜಿನಂಗೆ ಹೊಳೆಯೋ ಎಪಾಕ್ಸಿ) ಮಾಡು ಅಂತಾಳೆ.
- ಬಣ್ಣದ ಹುಚ್ಚಿ

ಉತ್ತರ: ಮೀಡಿಯಂ ಆಮೇಲೆ ನೋಡೋಣ, ಮೊದಲು ಒಂದು ರಸಮಟ್ಟ ತಗೊಳ್ಳಿ. ಗಾರೆ ಕೆಲಸದೋರ ಹತ್ರ ಇರುತ್ತಲ್ಲ ಅದೇ, ಯಾವ ಹಾರ್ಡ್‌ವೇರ್ ಅಂಗಡೀಲಾದ್ರೂ ಸಿಗುತ್ತೆ. ಬಾಲ್ಕನಿ, ಯುಟಿಲಿಟಿ ನೆಲಕ್ಕೆ ನೀರು ಹರೀಲಿ ಅಂತ ವಾಟ ಕೊಟ್ಟೇ ಇರ್ತಾರೆ, ರೂಮಿನ ನೆಲಾನೂ ಪೂರ್ತಿ ಸಮ ಇರುತ್ತೆ ಅಂತ ಏನಿಲ್ಲ, ಬಣ್ಣ ಒಣಗೋಕೆ ಒಂದೆರಡು ದಿನ ಬೇಕು ಅಷ್ಟೊತ್ತೂ ಅದು ನಿಧಾನಕ್ಕೆ ಜಾರ್ತಾನೇ ಇರುತ್ತೆ. ಚಿತ್ರ ಮಾಡೋ ಹಲಗೆಯ ನಾಲ್ಕು ಮೂಲೆ ಕೆಳಗೆ ಕಪ್ ಬೋರಲು ಹಾಕಿ, ಬೇಕಾದ ಕಡೆ ರಟ್ಟಿನ ಚೂರು ತುರುಕಿ ಮಟ್ಟ ಮಾಡ್ಕೊಳ್ಳಿ. ಕ್ಯಾನ್ವಾಸ್ ನಡುವೆ ಜೋತು ಬೀಳುತ್ತೆ, ಕಲಿಯೋವರೆಗೂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೇನೇ ವಾಸಿ.

ಬಿರುಕಿಗೆ ಕಾರಣ ಮುಕ್ಕಾಲು ಪಾಲು ಫ್ಯಾನ್ ಇರ್ಬೇಕು. ಮೇಲ್ಗಡೆ ಬೇಗ ಒಣಗಿ ಕೆನೆ ಕಟ್ಟುತ್ತೆ, ಕೆಳಗೆ ಇನ್ನೂ ಹಸಿ, ಅದು ಕುಗ್ಗುವಾಗ ಮೇಲಿನ ಪದರ ಹರಿಯುತ್ತೆ. ಫ್ಯಾನ್ ಆಫ್ ಮಾಡಿ, ಧೂಳು ಬೀಳದಂಗೆ ರಟ್ಟಿನ ಡಬ್ಬ ಮುಚ್ಚಿ, ಗಾಳಿ ಆಡೋಕೆ ಸ್ವಲ್ಪ ಸಂದಿ ಬಿಡಿ. ಬಣ್ಣಾನೂ ದಪ್ಪ ಬಿಡ್ಬೇಡಿ, 8x10 ಇಂಚಿಗೆ ಸುಮಾರು 100 ಮಿಲಿ ಮಿಶ್ರಣ ಸಾಕು, ಮಿಕ್ಕಿದ್ದು ಅಂಚಿಂದ ಸುರಿದು ಹೋಗ್ಲಿ.

ಮೀಡಿಯಂ ಬದ್ಲು ಪ್ರಾಕ್ಟೀಸಿಗೆ ಫೆವಿಕಾಲ್ ಸಾಕು, 7 ಪಾಲಿಗೆ 3 ಪಾಲು ನೀರು ಹಾಕಿ ತೆಳು ಮಾಡ್ಕೊಂಡು ಅದ್ರಲ್ಲಿ ಬಣ್ಣ ಕಲಸಿ. ಹದ ಹೇಗಿರ್ಬೇಕು ಅಂದ್ರೆ ನೀರ್ ದೋಸೆ ಹಿಟ್ಟಿಗಿಂತ ಗಟ್ಟಿ, ಮಸಾಲೆ ದೋಸೆ ಹಿಟ್ಟಿಗಿಂತ ತೆಳು. ಎಲ್ಲಾ ಕಪ್ಪಲ್ಲೂ ಒಂದೇ ಹದ ಇರ್ಬೇಕು, ನನ್ ಪ್ರಕಾರ ಪೂರ್ತಿ ಆಟ ಇಲ್ಲೇ ಇರೋದು, ಬಣ್ಣದ ಕಪ್ಪನ್ನ ಹಲಗೆ ಮೇಲೆ ಬೋರಲು ಹಾಕೋ ವಿಡಿಯೋ ಎಲ್ಲ ಬರೀ ತೋರಿಕೆ. ಮಾರೋಕೆ ಅಂತ ಮಾಡೋದಾದ್ರೆ ಮಾತ್ರ ಒಳ್ಳೆ ಮೀಡಿಯಂ ತಗೊಳ್ಳಿ, ಅಂಟು ಕಾಲ ಕಳೆದ್ಮೇಲೆ ಹಳದಿ ತಿರುಗಬಹುದು.

ಗುಳ್ಳೆ ಗುಳ್ಳೆಯಾಗಿ ಸೆಲ್ ಬರ್ಬೇಕು ಅಂದ್ರೆ ಬಣ್ಣದ ತೂಕ ಗಮನಿಸಿ. ಟೈಟಾನಿಯಂ ವೈಟ್ ಭಾರ, ಕೆಳಗಿಳಿಯೋಕೆ ನೋಡುತ್ತೆ, ಕಪ್ಪು ಹಗುರ, ಮೇಲೆ ಬರುತ್ತೆ, ಹೀಗೆ ಜಾಗ ಬದಲಾಯಿಸುವಾಗಲೇ ಸೆಲ್ ಮೂಡೋದು. ಮೆಕ್ಸಿಕೋದ ಕಲಾವಿದ ಸಿಕೇರೋಸ್ 1930ರ ದಶಕದಲ್ಲೇ ಹೀಗೆ ಒಂದರ ಮೇಲೊಂದು ಬಣ್ಣ ಸುರಿದು ನೋಡಿದ್ರು, 1936ರಲ್ಲಿ ನ್ಯೂಯಾರ್ಕಲ್ಲಿ ಅವರು ನಡೆಸಿದ ವರ್ಕ್‌ಶಾಪಲ್ಲಿ ಅಮೆರಿಕದ ಕಲಾವಿದ ಜಾಕ್ಸನ್ ಪೊಲಾಕ್ ಕೂಡ ಇದ್ರು. ಸೆಲ್ ಬರೋಕೆ ಸಿಲಿಕೋನ್ ಎಣ್ಣೆ ಒಂದೆರಡು ಹನಿ ಹಾಕ್ಬಹುದು, ಆದ್ರೆ ವಾರ್ನಿಷ್ ಹೊಡೆಯೋ ಮುಂಚೆ ಅದನ್ನ ಪೂರ್ತಿ ಒರೆಸಿ ತೆಗೀಬೇಕು, ಇಲ್ಲಾಂದ್ರೆ ವಾರ್ನಿಷ್ ಅಲ್ಲಲ್ಲಿ ಹಿಡಿಯಲ್ಲ.

ನಿಮ್ ನಾದಿನಿಗೆ ರೆಸಿನ್ ಸದ್ಯಕ್ಕೆ ಬೇಡ ಅನ್ನಿ. ಎಪಾಕ್ಸಿ ಚರ್ಮಕ್ಕೆ ತಾಗ್ತಾ ಇದ್ರೆ ಕೆಲವರಿಗೆ ಅಲರ್ಜಿ ಶುರುವಾಗುತ್ತೆ, ಅದಕ್ಕೆ ಗ್ಲೌಸೂ ಬೇಕು ಗಾಳೀನೂ ಬೇಕು, ಮುಚ್ಚಿದ ಚಿಕ್ಕ ರೂಮಲ್ಲಿ ಆಗೋ ಕೆಲಸ ಅಲ್ಲ.

ಇನ್ನೊಂದು, ಉಳಿದ ಬಣ್ಣ ಸಿಂಕಿಗೆ ಸುರೀಬೇಡಿ, ಪೈಪಲ್ಲಿ ಕಟ್ಕೊಂಡ್ರೆ ಓನರ್ ಅಡ್ವಾನ್ಸಲ್ಲೇ ಹಿಡ್ಕೋತಾರೆ. ಪ್ಲಾಸ್ಟಿಕ್ ಶೀಟ್ ಮೇಲೆ ಒಣಗಕ್ಕೆ ಬಿಡಿ, ಆಮೇಲೆ ಹಾಳೆ ಥರ ಎದ್ದು ಬರುತ್ತೆ.