ಎಕ್ಕ-ಎರಡು ಕೈಯಲ್ಲಿದ್ದರೂ ಚಿಪ್ಸ್ ಕರಗುವುದೇಕೆ?

ಪ್ರಶ್ನೆ: ನಾನು ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದೇನೆ. ಎರಡು ವಾರಕ್ಕೊಮ್ಮೆ ಶನಿವಾರ ರಾತ್ರಿ ಆರೇಳು ಜನ ಸ್ನೇಹಿತರು ಯಾರಾದರೊಬ್ಬರ ಮನೆಯಲ್ಲಿ ಸೇರಿ ಪೋಕರ್ ಆಡುತ್ತೇವೆ. ಮೊದಲು ಟೆಕ್ಸಸ್ ಹೋಲ್ಡೆಮ್ ಇತ್ತು. ಈಗ ಎಲ್ಲರಿಗೂ ಪಾಟ್-ಲಿಮಿಟ್ ಒಮಾಹಾ ಹೈ-ಲೋ ಹುಚ್ಚು ಹಿಡಿದಿದೆ. ಮೂರು ತಿಂಗಳಿಂದ ದಿನಾ ರಾತ್ರಿ ವಿಡಿಯೊ ನೋಡಿ ಕಲಿಯುತ್ತಿದ್ದೇನೆ. ಎಲ್ಲರೂ ಹೇಳುವುದು ಒಂದೇ, ಎಕ್ಕ-2 ಬಂದರೆ ಆಡಿ ಅಂತ. ಹಾಗೇ ಆಡುತ್ತೇನೆ. ಎಷ್ಟೋ ಸಲ ಲೋ ಗೆಲ್ಲುತ್ತೇನೆ ಕೂಡ. ಆದರೂ ರಾತ್ರಿ ಮುಗಿಯುವಾಗ ನನ್ನ ಮುಂದಿನ ಚಿಪ್ಸ್ ಎಲ್ಲರಿಗಿಂತ ಕಡಿಮೆ. ನಾನು ನೋಡುತ್ತಿರುವ ವಿಡಿಯೊಗಳೇ ಸರಿ ಇಲ್ವಾ?

ಉತ್ತರ: ಲೋ ಗೆಲ್ಲುತ್ತೇನೆ, ಆದರೂ ಚಿಪ್ಸ್ ಕಡಿಮೆ ಎಂದು ಬರೆದಿದ್ದೀರಿ. ನಿಮ್ಮ ತೊಂದರೆ ಆ ಸಾಲಿನಲ್ಲೇ ಇದೆ. ಮೊದಲು ಅದನ್ನು ಬಿಡಿಸೋಣ, ಆಮೇಲೆ ವಿಡಿಯೊಗೆ ಬರುತ್ತೇನೆ.

ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಒಮಾಹಾದಲ್ಲಿ ಒಬ್ಬೊಬ್ಬರಿಗೆ ನಾಲ್ಕು ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಕೈಯಿಂದ ಎರಡೇ ಎಲೆ, ಮೇಜಿನಿಂದ ಮೂರೇ ಎಲೆ ಕೂಡಿಸಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎಲ್ಲರೂ ಹಾಕಿದ ಚಿಪ್ಸ್ ಸೇರಿದ ರಾಶಿಯೇ ಪಾಟ್. ಹೈ-ಲೋ ಆಟದಲ್ಲಿ ಅದು ಎರಡು ಪಾಲಾಗುತ್ತದೆ. ಅರ್ಧ ದೊಡ್ಡ ಕೈಗೆ, ಅದು ಹೈ. ಅರ್ಧ ಚಿಕ್ಕ ಕೈಗೆ, ಅದು ಲೋ. ಚಿಕ್ಕ ಕೈ ಅಂದರೆ 8 ಅಥವಾ ಅದಕ್ಕಿಂತ ಕೆಳಗಿನ ಐದು ಬೇರೆ ಬೇರೆ ಎಲೆಗಳು. ಇಲ್ಲಿ ಎಕ್ಕ 1 ಇದ್ದ ಹಾಗೆ. ಯಾರಿಗೂ ಲೋ ಕೂಡದಿದ್ದರೆ ಇಡೀ ಪಾಟ್ ಹೈ ಕೈಗೆ.

ಈಗ ಲೆಕ್ಕಕ್ಕೆ ಬನ್ನಿ. ಮೂವರು ತಲಾ 400 ಚಿಪ್ಸ್ ಹಾಕಿದ್ದೀರಿ, ಪಾಟ್ 1200. ನಿಮ್ಮ ಹತ್ತಿರ ಎಕ್ಕ-2 ಇದೆ, ಅದಕ್ಕಿಂತ ಒಳ್ಳೆಯ ಲೋ ಯಾರಿಗೂ ಇಲ್ಲ. ಆದರೆ ಇನ್ನೊಬ್ಬರ ಕೈಯಲ್ಲೂ ಎಕ್ಕ-2 ಇದೆ. ಹೈ ಮೂರನೆಯವರಿಗೆ ಹೋಯಿತು. ಅವರಿಗೆ 600. ಉಳಿದ 600ರಲ್ಲಿ ನಿಮಗೆ 300, ಇನ್ನೊಬ್ಬರಿಗೆ 300. ನೀವು ಹಾಕಿದ್ದು 400, ಬಂದದ್ದು 300. ಕೈ ಗೆದ್ದಿರಿ, 100 ಸೋತಿರಿ. ಇಬ್ಬರೇ ಉಳಿದಿದ್ದು, ಎದುರಿನವರ ಹತ್ತಿರ ಅದೇ ಲೋ ಜೊತೆಗೆ ಹೈ ಕೂಡ ಇದ್ದರೆ ಇನ್ನೂ ಕಷ್ಟ. ತಲಾ 500 ಹಾಕಿದ 1000ದ ಪಾಟ್‌ನಲ್ಲಿ ನಿಮಗೆ ಬರುವುದು 250. ಪಾಟ್‌ನ ಕಾಲು ಭಾಗ ಮಾತ್ರ ಸಿಗುವ ಇದಕ್ಕೆ ಆಟಗಾರರು ಕ್ವಾರ್ಟರ್ ಆಗುವುದು ಅನ್ನುತ್ತಾರೆ. ಸಮಾನವಾಗಿ ಹಾಕಿದ ನಾಲ್ವರು ಇದ್ದರೆ ಮಾತ್ರ ಕಾಲು ಭಾಗದಲ್ಲಿ ನಿಮ್ಮ ದುಡ್ಡು ನಿಮಗೆ ವಾಪಸ್ ಬರುತ್ತದೆ, ಲಾಭ ಇಲ್ಲ. ಎಕ್ಕ-2 ಎಲ್ಲರೂ ಹಿಡಿದು ಕೂರುವ ಜೋಡಿ. ನಿಮ್ಮ ಮೇಜಿನಲ್ಲಿ ಎಲ್ಲರೂ ಒಂದೇ ಥರದ ವಿಡಿಯೊ ನೋಡುತ್ತಿದ್ದರೆ ಇದು ಇನ್ನೂ ಜಾಸ್ತಿ ಆಗುತ್ತದೆ.

ಈಗ ಅದೇ 1200ರ ಪಾಟ್‌ನ ಎರಡೂ ಪಾಲು ನಿಮಗೇ ಬಂತು ಅಂದುಕೊಳ್ಳಿ. ಅದು ಸ್ಕೂಪ್. ಲಾಭ 800. ಬರೀ ಅರ್ಧ ಬಂದಿದ್ದರೆ 600, ಅಂದರೆ ಲಾಭ 200. ಮೂವರ ಪಾಟ್‌ನಲ್ಲಿ ಒಂದು ಸ್ಕೂಪ್ ನಾಲ್ಕು ಅರ್ಧಗಳಿಗೆ ಸಮ. ಇಬ್ಬರೇ ಇದ್ದಾಗಂತೂ ಅರ್ಧ ಗೆದ್ದರೆ ಲಾಭ ಸೊನ್ನೆ. ಹಾಗಾಗಿ ಎಲೆ ಕೈಗೆ ಬಂದ ಕೂಡಲೇ ಕೇಳಿಕೊಳ್ಳಬೇಕಾದ್ದು ಲೋ ಆಗುತ್ತಾ ಅಂತ ಅಲ್ಲ. ಈ ನಾಲ್ಕು ಎಲೆ ಎರಡೂ ಕಡೆ ಗೆಲ್ಲಬಹುದಾ ಅಂತ.

ಎಕ್ಕ-2 ಪಕ್ಕದಲ್ಲಿ ಏನಿದೆ ಎಂಬುದು ಅಷ್ಟು ಮುಖ್ಯ. ಒಂದು ಉದಾಹರಣೆ ಕೊಡುತ್ತೇನೆ, ಎಲೆ ಕಟ್ಟು ತೆಗೆದು ಜೋಡಿಸಿಯೇ ನೋಡಿ. ಮೇಜಿನ ಮೇಲೆ ಮೊದಲ ಮೂರು ಎಲೆ 5, 7, ಗುಲಾಮ. ನಿಮ್ಮ ಕೈಯಲ್ಲಿ ಎಕ್ಕ-2-ರಾಜ-ರಾಣಿ. ಲೋ ಕೂಡಲು 3, 4, 6, 8 ಇವುಗಳಲ್ಲಿ ಒಂದು ಬರಬೇಕು. ಒಟ್ಟು 16 ಎಲೆ. ಎಕ್ಕ ಅಥವಾ 2 ಬಂದರೆ ನಿಮ್ಮ ಕೈಯದು ಜೋಡಿಯಾಗಿ ಹಾಳಾಯಿತು. ಈಗ ರಾಣಿ ತೆಗೆದು 3 ಇಡಿ. ಕೈ ಎಕ್ಕ-2-3-ರಾಜ. ಎಕ್ಕ ಬಂದರೆ 2-3 ಕೆಲಸ ಮಾಡುತ್ತದೆ. 2 ಬಂದರೆ ಎಕ್ಕ-3. ಉಳಿದ ಮೂರು 3ಗಳೂ ಸರಿ. 4, 6, 8 ಮೊದಲಿನಂತೆಯೇ. ಎಣಿಸಿ, 21 ಎಲೆ! ಯಾವುದು ಬಂದರೂ ಆ ಹೊತ್ತಿಗೆ ಅತ್ಯುತ್ತಮ ಲೋ ನಿಮ್ಮದೇ. ಒಂದು ಎಲೆ ಬದಲಾದದ್ದಕ್ಕೆ 16 ಇದ್ದದ್ದು 21 ಆಯಿತು.

ಲೋ ಕೂಡಿದ ಮೇಲೂ ಅಪಾಯ ಮುಗಿಯುವುದಿಲ್ಲ. ಮೇಜಿನ ಮೊದಲ ಮೂರು ಎಲೆಗೇ ನಿಮ್ಮ ಎಕ್ಕ-2 ಲೋ ಕೂಡಿತು, ಕೈಯಲ್ಲಿ ಬೇರೆ ಚಿಕ್ಕ ಎಲೆ ಇಲ್ಲ ಅಂದುಕೊಳ್ಳಿ. ಕಾಣದಿರುವ 45 ಎಲೆಗಳಲ್ಲಿ ಮೂರು ಎಕ್ಕ, ಮೂರು 2 ಉಳಿದಿವೆ. ಮುಂದಿನ ಎರಡು ಎಲೆಗಳಲ್ಲಿ ಈ ಆರರಲ್ಲಿ ಒಂದಾದರೂ ಬೀಳುವ ಸಾಧ್ಯತೆ ನೂರಕ್ಕೆ 25. ನಾಲ್ಕು ಸಲಕ್ಕೆ ಒಂದು ಸಲ ನಿಮ್ಮ ಗಟ್ಟಿ ಲೋ ಕಣ್ಣೆದುರೇ ಕೆಡುತ್ತದೆ. ಇನ್ನೊಂದು ಲೆಕ್ಕವೂ ತಲೆಯಲ್ಲಿರಲಿ. ಮೇಜಿನ ಐದು ಎಲೆಗಳಲ್ಲಿ 8ರ ಒಳಗಿನ ಮೂರು ಬೇರೆ ಬೇರೆ ಎಲೆ ಬೀಳುವುದು ನೂರಕ್ಕೆ ಸುಮಾರು 60 ಸಲ. ನಮ್ಮ ಕೈಯ ನಾಲ್ಕೂ ಎಲೆ ಚಿಕ್ಕವಾದರೆ ಇದು ಇನ್ನೂ ಸ್ವಲ್ಪ ಇಳಿಯುತ್ತದೆ. ಉಳಿದ 40 ಸಲ ಲೋ ಎಂಬುದೇ ಇಲ್ಲ. ಆಗ ಎಕ್ಕ-2-9-ಗುಲಾಮ, ಬಣ್ಣವೂ (ಆಟಿನ್, ಇಸ್ಪೀಟಿನಂಥ ಗುರುತು) ಕೂಡದ ಕೈ, ಏನು ಮಾಡೀತು ಹೇಳಿ. ನನ್ನ ಮಟ್ಟಿಗೆ ಅದು ನಿಮಗಿಂತ ಮೊದಲಿನವರು ಬೆಟ್ಟು ಏರಿಸಿದಾಗ ಸುಮ್ನೆ ಬಿಟ್ಟುಬಿಡುವ ಕೈ. ಎಕ್ಕ-ಎಕ್ಕ-2-3, ಎರಡು ಎಕ್ಕಗಳ ಬಣ್ಣಕ್ಕೂ ಒಂದೊಂದು ಜೊತೆ ಇದ್ದರೆ, ಈ ಆಟದ ಅತಿ ಒಳ್ಳೆಯ ಕೈ. ಯಾಕೆ ಅಂತ ಈಗ ನಿಮಗೇ ಹೊಳೆಯುತ್ತದೆ ಅಲ್ವಾ?

ಈಗ ವಿಡಿಯೊ ವಿಷಯ. ಮೊದಲು ನೀವು ನೋಡುತ್ತಿರುವುದು ನಿಮ್ಮದೇ ಆಟವಾ ಅಂತ ಖಚಿತ ಮಾಡಿಕೊಳ್ಳಿ. ಹೆಸರಿನಲ್ಲಿ ಬರೀ ಪಿಎಲ್‌ಒ ಅಂತಿದ್ದರೆ ಅದು ಹೈ ಮಾತ್ರ ಇರುವ ಒಮಾಹಾ. ಒ8, ಪಿಎಲ್‌ಒ8, ಏಯ್ಟ್ ಆರ್ ಬೆಟರ್ ಅಂತಿದ್ದರೆ ನಿಮ್ಮದು. ಬಿಗ್ ಒ ಅಂದರೆ ಐದೈದು ಎಲೆಯ ಹೈ-ಲೋ. ಇದು ಸಣ್ಣ ವಿಷಯ ಅಲ್ಲ. ಹೈ ಆಟದವರು 7-8-9-10 ಕೈಯನ್ನು ಹೊಗಳುತ್ತಾರೆ, ಅಲ್ಲಿ ಅದು ಸರಿ. ಹೈ-ಲೋದಲ್ಲಿ ಅದೇ ಕೈ ಕುತ್ತಿಗೆಗೆ ಬರುತ್ತದೆ. ಮೇಜಿನ ಮೇಲೆ 6-7-8 ಬಿದ್ದು ನಿಮ್ಮ 9-10ಕ್ಕೆ ಒಳ್ಳೆಯ ಸ್ಟ್ರೇಟ್, ಅಂದರೆ ಸಾಲಾಗಿ ಬರುವ ಐದು ಎಲೆ, ಕೂಡಿತು ಅನ್ನಿ. ಅದೇ ಮೂರು ಎಲೆ ಬೇರೆಯವರಿಗೆ ಲೋ ಕೊಟ್ಟಿರುತ್ತದೆ. ನಿಮಗೆ ಅರ್ಧ ಮಾತ್ರ. ಹಾಗೆಯೇ ಲಿಮಿಟ್ ಆಟದ ವಿಡಿಯೊ ನೋಡಿ ಪಾಟ್-ಲಿಮಿಟ್ ಆಡಬೇಡಿ. ಲಿಮಿಟ್‌ನಲ್ಲಿ ಒಂದೊಂದು ಬೆಟ್ಟಿನ ಗಾತ್ರ ಮೊದಲೇ ಗೊತ್ತು, ಕ್ವಾರ್ಟರ್ ಆದರೂ ಪೆಟ್ಟು ಸಣ್ಣದು. ಪಾಟ್-ಲಿಮಿಟ್‌ನಲ್ಲಿ ಬೆಟ್ಟು ಪಾಟ್ ಜೊತೆಗೇ ಬೆಳೆಯುತ್ತದೆ.

ಎರಡನೆಯದು, ವಿಡಿಯೊದಲ್ಲಿ ಎಲ್ಲರ ಎಲೆಯೂ ನಮಗೆ ಕಾಣುತ್ತಿರುತ್ತದೆ. ಆಗ ಎಲ್ಲವೂ ಸುಲಭ ಅನಿಸುತ್ತದೆ. ನಾನು ಕಲಿಯುವಾಗ ಪರದೆಯ ಮೇಲೆ ಎದುರಿನವರ ಎಲೆ ಬರುವ ಜಾಗಕ್ಕೆ ಕಾಗದದ ಚೂರು ಅಂಟಿಸುತ್ತಿದ್ದೆ. ಇವತ್ತಿಗೂ ಹೊಸಬರಿಗೆ ಅದನ್ನೇ ಹೇಳುತ್ತೇನೆ. ಮೇಜಿನ ಮೇಲೆ ಮೂರು ಎಲೆ ಬಿದ್ದ ಕೂಡಲೇ ನಿಲ್ಲಿಸಿ. ಈ ಮೂರು ಎಲೆಗೆ ಅತ್ಯುತ್ತಮ ಹೈ ಯಾವುದು, ಅತ್ಯುತ್ತಮ ಲೋ ಯಾವುದು, ಆಡುವವರ ಕೈ ಎರಡರಲ್ಲಿ ಎಲ್ಲಿ ನಿಂತಿದೆ ಅಂತ ಬರೆದುಕೊಳ್ಳಿ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತಲೂ ಬರೆಯಿರಿ. ಆಮೇಲೆ ಮುಂದಕ್ಕೆ ಓಡಿಸಿ. ನಾಲ್ಕನೆಯ ಎಲೆಗೆ ಮತ್ತೆ ನಿಲ್ಲಿಸಿ. ಹೀಗೆ ಒಂದು ರಾತ್ರಿಗೆ ಹತ್ತು ಕೈ ಆದರೂ ಸಾಕು. ನಿಲ್ಲಿಸದೆ ಎರಡು ಗಂಟೆ ನೋಡಿದ್ದಕ್ಕಿಂತ ಇದು ಎಷ್ಟೋ ಪಾಲು ಮೇಲು.

ಮೂರನೆಯದು ನನಗೆ ತುಂಬಾ ಮುಖ್ಯ ಅನಿಸುವುದು. ಕತ್ತರಿಸಿ ಜೋಡಿಸಿದ ವಿಡಿಯೊದಲ್ಲಿ ದೊಡ್ಡ ಪಾಟ್‌ಗಳು ಮಾತ್ರ ಉಳಿದಿರುತ್ತವೆ. ಎಲೆ ಬಿಟ್ಟು ಸುಮ್ಮನೆ ಕೂತ ಕೈಗಳನ್ನು ತೆಗೆದುಹಾಕಿರುತ್ತಾರೆ. ಆದರೆ ಈ ಆಟದಲ್ಲಿ ಕಲಿಯಬೇಕಾದ್ದು ಹೆಚ್ಚಾಗಿ ಅಲ್ಲೇ ಇದೆ. ಮೊದಲಿಂದ ಕೊನೆಯವರೆಗೆ ಒಂದು ಸಲದ ಆಟವನ್ನು ಕತ್ತರಿಸದೆ ಪೂರ್ತಿ ತೋರಿಸಿ, ಯಾಕೆ ಬಿಟ್ಟೆ ಅಂತ ಮಾತಾಡುವವರನ್ನು ಹುಡುಕಿ. ಮುಂದಿನ ಶನಿವಾರ ಒಂದು ಚೀಟಿಯಲ್ಲಿ ಲೆಕ್ಕ ಇಡಿ. ಎಷ್ಟು ಸಲ ಸ್ಕೂಪ್, ಎಷ್ಟು ಸಲ ಅರ್ಧ, ಎಷ್ಟು ಸಲ ಕಾಲು. ಆ ಚೀಟಿ ಜೊತೆಗೆ ನನಗೆ ಮತ್ತೆ ಬರೆಯಿರಿ, ಮುಂದಿನದು ಅದನ್ನು ನೋಡಿಯೇ ಹೇಳುತ್ತೇನೆ.

ಪ್ರಶ್ನೆ: ನಾವು ಮಂಗಳೂರಿನಲ್ಲಿ ಮನೆಯವರೇ ಸೇರಿ ದುಡ್ಡಿಲ್ಲದೆ ಹುಣಸೆ ಬೀಜ ಇಟ್ಟು ಒಮಾಹಾ ಹೈ-ಲೋ ಆಡುತ್ತೇವೆ. ಮೊನ್ನೆ ಜಗಳವೇ ಆಯಿತು. ಮೇಜಿನ ಮೇಲೆ 2, 4, 7, 9, ರಾಣಿ. ನನ್ನ ಕೈ ಎಕ್ಕ-2-ರಾಜ-ರಾಜ. ಭಾವನ ಕೈ ಎಕ್ಕ-3-10-10. ಯಾರಿಗೂ ಬಣ್ಣ ಕೂಡಿರಲಿಲ್ಲ. ಎಕ್ಕ-2 ಇರುವುದರಿಂದ ಲೋ ನನ್ನದು ಅಂದೆ. ಭಾವ ಒಪ್ಪಲಿಲ್ಲ. ಯಾರು ಸರಿ?

ಉತ್ತರ: ಲೋ ನಿಮ್ಮ ಭಾವನದೇ. ನಿಮ್ಮ ಕೈಯ 2 ಮೇಜಿನ 2ರ ಜೊತೆ ಜೋಡಿಯಾಯಿತು. ಕೈಯಿಂದ ಎಕ್ಕ, 2 ತೆಗೆದರೆ ಮೇಜಿನಿಂದ 8ರ ಒಳಗಿನ ಇನ್ನೂ ಮೂರು ಬೇರೆ ಎಲೆ ಬೇಕು. ಅಲ್ಲಿರುವುದು 4 ಮತ್ತು 7 ಮಾತ್ರ. ನಿಮಗೆ ಲೋ ಕೂಡಲೇ ಇಲ್ಲ. ಭಾವನಿಗೆ ಕೈಯ ಎಕ್ಕ-3, ಮೇಜಿನ 2-4-7 ಸೇರಿ ಲೋ ಕೂಡಿತು. ಆದರೆ ಹೈ ನಿಮ್ಮದು, ರಾಜನ ಜೋಡಿ 10ರ ಜೋಡಿಯನ್ನು ಸೋಲಿಸುತ್ತದೆ. ಬೀಜಗಳನ್ನು ಅರ್ಧರ್ಧ ಹಂಚಿಕೊಳ್ಳಿ.

ಇಬ್ಬರಿಗೂ ಲೋ ಕೂಡಿದಾಗ ಯಾರದು ಚಿಕ್ಕದು ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಎಲೆಗಳನ್ನು ದೊಡ್ಡದರಿಂದ ಶುರುಮಾಡಿ ಒಂದು ಸಂಖ್ಯೆಯಂತೆ ಓದಿ. 7-5-4-2-ಎಕ್ಕ ಅಂದರೆ 75421. 7-6-3-2-ಎಕ್ಕ ಅಂದರೆ 76321. ಸಣ್ಣ ಸಂಖ್ಯೆ ಗೆದ್ದಿತು. ಎಲ್ಲಕ್ಕಿಂತ ಚಿಕ್ಕದು 54321. ಲೋದಲ್ಲಿ ಸ್ಟ್ರೇಟ್ ಆಗಲಿ, ಒಂದೇ ಬಣ್ಣದ ಐದು ಎಲೆಯ ಫ್ಲಶ್ ಆಗಲಿ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಈ ಒಂದೇ ಕೈ ಲೋಗೂ ಸಲ್ಲುತ್ತದೆ, ಸ್ಟ್ರೇಟ್ ಆಗಿ ಹೈಗೂ ಸಲ್ಲುತ್ತದೆ. ಇನ್ನೊಂದು ಜಗಳ ಮುಂದೆ ಖಂಡಿತ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಮೇಜಿನ ಮೇಲೆ ನಾಲ್ಕು ಆಟಿನ್ ಎಲೆ ಇದ್ದು, ನಿಮ್ಮ ಕೈಯಲ್ಲಿ ಆಟಿನ್ ಎಕ್ಕ ಒಂದೇ ಇದ್ದರೆ ಅದು ಫ್ಲಶ್ ಅಲ್ಲ. ಕೈಯಲ್ಲಿ ಎರಡು ಆಟಿನ್ ಇರಲೇಬೇಕು.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಪೋಕರ್ ಕಲಿಸುವ ವಿಡಿಯೊ ನೋಡುತ್ತೇನೆ. ಕೊನೆಯಲ್ಲಿ ಒಂದು ಲಿಂಕ್ ಕೊಟ್ಟು, ಇಲ್ಲಿ ದುಡ್ಡು ಹಾಕಿ ಆಡಿ ಅನ್ನುತ್ತಾರೆ. ಪೋಕರ್ ಕೌಶಲದ ಆಟ, ಹೈಕೋರ್ಟೇ ಒಪ್ಪಿದೆ ಅಂತಲೂ ಹೇಳುತ್ತಾರೆ. ಫೀಸಿಗೆ ಆಗುವಷ್ಟು ದುಡಿಯಬಹುದಾ?

ಉತ್ತರ: ಬೇಡ. ಆ ಲಿಂಕ್ ಒತ್ತಬೇಡಿ.

ಅವರು ಹೇಳುತ್ತಿರುವುದು ಅರ್ಧ ಕಥೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಅಲ್ಲಿಯವರೆಗೆ ನಿಜ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಬಗ್ಗೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟವನ್ನು ಅದು ನಿಷೇಧಿಸುತ್ತದೆ. ಕೌಶಲದ ಆಟ, ಅದೃಷ್ಟದ ಆಟ ಅಂತ ಭೇದ ಮಾಡುವುದಿಲ್ಲ. ಹೊರದೇಶದಿಂದ ನಡೆಸಿದರೂ ಬಿಡುವುದಿಲ್ಲ. ಇಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಇದೆ. ಜಾಹೀರಾತು ಮಾಡುವವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ನಿಮಗೆ ಲಿಂಕ್ ಕೊಟ್ಟವರು ಆ ಜಾಹೀರಾತಿನ ಕೆಲಸವನ್ನೇ ಮಾಡುತ್ತಿದ್ದಾರೆ.

ಕಾನೂನು ಪಕ್ಕಕ್ಕಿಟ್ಟರೂ ನನ್ನ ಉತ್ತರ ಇದೇ. ಫೀಸಿನ ದುಡ್ಡು ಸೋತರೆ ಮುಂದಿನ ಸೆಮಿಸ್ಟರ್ ನಿಲ್ಲುತ್ತದೆ. ಸೋತರೆ ಆಗದು ಎಂಬ ಭಯದಲ್ಲಿ ಯಾರೂ ಸರಿಯಾಗಿ ಎಲೆ ಬಿಡಲಾರರು. ಆಟದ ಲೆಕ್ಕ ನಿಮಗೆ ನಿಜಕ್ಕೂ ಇಷ್ಟವಾಗಿದ್ದರೆ ಒಂದು ಇಸ್ಪೀಟ್ ಕಟ್ಟು ಕೊಳ್ಳಿ. ಮೇಲೆ ಹೇಳಿದ 16, 21, 25ರ ಲೆಕ್ಕಗಳನ್ನು ನೀವೇ ಬಿಡಿಸಿ ನೋಡಿ. ಮೇಜಿನಲ್ಲಿ ಲೋಗೆ ದಾರಿಯಾಗುವ 60ರ ಲೆಕ್ಕ ಸ್ವಲ್ಪ ಉದ್ದ, ಆದರೆ ಕಾಂಬಿನೇಷನ್ಸ್ ಓದಿದವರಿಗೆ ಅರ್ಧ ಗಂಟೆಯ ಕೆಲಸ.

ಈಗಾಗಲೇ ಅಲ್ಲಿ ದುಡ್ಡು ಹಾಕಿ ಮೋಸ ಹೋಗಿದ್ದೀರಿ ಅನಿಸಿದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಇವತ್ತೇ ಕರೆ ಮಾಡಿ. ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್, ಬ್ಯಾಂಕಿನ ಸಂದೇಶ ಯಾವುದನ್ನೂ ಅಳಿಸಬೇಡಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಬೈದರೂ ಪರವಾಗಿಲ್ಲ.