ಕೆಂಪು ಮಾತ್ರೆ, ಕಾಫಿ ಲೋಟ

ಪ್ರಶ್ನೆ: ಡಾಕ್ಟರೇ, ನನಗೆ 36 ವರ್ಷ. ತಿಪಟೂರಿನ ಹತ್ತಿರ ಹಳ್ಳಿ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಡವ. ರಕ್ತ ಕಡಿಮೆಯಂತೆ, ಹಿಮೋಗ್ಲೋಬಿನ್ 8.4 ಬಂತು. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಕೆಂಪು ಮಾತ್ರೆಯನ್ನು ಬೆಳಗಿನ ಕಾಫಿ ಜೊತೆ ನುಂಗುತ್ತಿದ್ದೆ. ಮಲ ಕಪ್ಪಾಯಿತೆಂದು ಹೆದರಿ ಬಿಟ್ಟೆ. ಮುಟ್ಟು 9 ದಿನ ಇರುತ್ತದೆ, ಅದನ್ನು ಯಾರಿಗೂ ಹೇಳಿಲ್ಲ.

ಉತ್ತರ: ಕೊನೆಗೆ ಬರೆದದ್ದನ್ನೇ ಮೊದಲು ಹಿಡಿಯುತ್ತೇನೆ. ಮುಟ್ಟು 7 ದಿನ ದಾಟುವುದು, ಗಂಟೆಗೊಂದು ಪ್ಯಾಡ್ ತೋಯುವುದು, ದೊಡ್ಡ ಹೆಪ್ಪು ಬೀಳುವುದು ‘ನಮ್ಮಮ್ಮನಿಗೂ ಹೀಗೇ ಇತ್ತು’ ಎಂದು ಬಿಡುವ ವಿಷಯವಲ್ಲ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ, ಥೈರಾಯ್ಡ್ ತೊಂದರೆ, ಏನೂ ಇರಬಹುದು. ಈ ವಾರವೇ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಮಾತ್ರೆ ಅಂದರೆ ತೂತು ಕೊಡಕ್ಕೆ ನೀರು. ಮೊದಲ ಭೇಟಿಯಲ್ಲೇ ‘ಗರ್ಭಕೋಶ ತೆಗೆಸಿಬಿಡಿ’ ಎಂದರೆ ಇನ್ನೊಬ್ಬ ವೈದ್ಯರನ್ನೂ ಕೇಳಿ.

ಹಾಗಂತ ಮಾತ್ರೆ ಬಿಡಬೇಡಿ. ಕಬ್ಬಿಣಕ್ಕೆ ಮಲ ಕಪ್ಪಾಗುವುದು ಸಹಜ. ಡಾಂಬರಿನಂತೆ ಅಂಟಂಟಾಗಿ ನಾತ ಬಂದರೆ ಮಾತ್ರ ಬೇರೆ ಮಾತು, ಕೂಡಲೇ ತೋರಿಸಿ. ಕಾಫಿ, ಟೀ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಮಾತ್ರೆಗೂ ಕಾಫಿಗೂ ಎರಡು ಗಂಟೆ ಅಂತರವಿರಲಿ, ನಿಂಬೆ ಪಾನಕದ ಜೊತೆ ನುಂಗಿ. (ಕಾಫಿಯನ್ನೇ ಬಿಡಿ ಅನ್ನುವ ಧೈರ್ಯ ನನಗಿಲ್ಲ, ನನ್ನದೂ ದಿನಕ್ಕೆ ಮೂರು ಲೋಟ.) ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದು ಬೇರೆ ಹೊತ್ತಿಗೆ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ನಂತರ ತಗೊಳ್ಳಿ. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು.