ಪಾಠ ಹೇಳಲೆಂದು ಯಾರೂ ಎದುರಾಗುವುದಿಲ್ಲ

ಪ್ರೀತಿಯ ಓದುಗರೇ,

‘ನಿಮ್ಮ ಅಂಕಣಕಾರರಿಗೆ ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ರಸ್ತೆಯ ತಿರುವಿನಲ್ಲಿ ಯಾರಾದರೊಬ್ಬರು ಸಿಕ್ಕಿ ಬದುಕಿನ ಪಾಠ ಹೇಳಿ ಹೋಗುತ್ತಾರೆ. ನನಗೆ ಈವರೆಗೆ ಅಂಥ ಒಬ್ಬರೂ ಸಿಕ್ಕಿಲ್ಲ. ನನ್ನ ಬದುಕು ಅಷ್ಟು ಬರಡೋ, ಅವರು ಕಟ್ಟಿ ಬರೆಯುತ್ತಾರೋ?’ ಎಂದು ಕೇಳಿದ್ದೀರಿ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ಕಟ್ಟಿ ಬರೆಯುವವರು ಇದ್ದಾರೆ. ನಮ್ಮ ಮೇಜಿಗೆ ಬರುವ ಬರಹಗಳಲ್ಲಿ ಒಂದು ಬಗೆಯದನ್ನು ನಾನು ಅಚ್ಚಿಗೆ ಕಳಿಸುವುದಿಲ್ಲ. ಅದರಲ್ಲಿ ಒಬ್ಬ ಬಡವನೋ, ಒಬ್ಬ ಮುದುಕಿಯೋ ಎದುರಾಗಿ, ಹೊಳೆಯುವ ಒಂದು ಮಾತನ್ನಾಡಿ, ಲೇಖಕರ ಕಣ್ಣು ತೆರೆಸಿ ಮರೆಯಾಗುತ್ತಾರೆ. ಅವರಿಗೆ ಸಿಟ್ಟಿಲ್ಲ, ಸೆಡವಿಲ್ಲ, ಆ ದಿನ ಮಾಡಿ ಮುಗಿಸಬೇಕಾದ ಕೆಲಸವೂ ಇಲ್ಲ. ನಮಗೆ ಬುದ್ಧಿ ಕಲಿಸುವುದಕ್ಕಾಗಿ ಯಾರೂ ಮನೆಯಿಂದ ಹೊರಡುವುದಿಲ್ಲ. ಇನ್ನೊಬ್ಬರ ಬದುಕನ್ನು ನಮ್ಮ ನೀತಿಕಥೆಗೆ ಸಾಮಗ್ರಿ ಮಾಡಿಕೊಳ್ಳುವುದು ಅವರಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಹಾಗಾದರೆ ಕಲಿಯುವುದು ಹೇಗೆ? ನಾನು ಕಂಡ ಒಂದನ್ನು ಹೇಳುತ್ತೇನೆ. ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ನನ್ನ ಪಕ್ಕ ಹಿರಿಯರೊಬ್ಬರು ಕುಳಿತಿದ್ದರು. ಒಳಗಿನಿಂದ ಹೆಸರು ಕೂಗಿದಾಗಲೆಲ್ಲ ಅವರು ತಿರುಗಿ ಹಿಂದಿನ ಬೆಂಚುಗಳತ್ತ ನೋಡುತ್ತಿದ್ದರು. ಯಾರೂ ಏಳದಿದ್ದರೆ ಆ ಹೆಸರನ್ನು ತಾವೇ ಗಟ್ಟಿಯಾಗಿ ಇನ್ನೊಮ್ಮೆ ಕೂಗುತ್ತಿದ್ದರು. ಏಕೆಂದು ಕೇಳಿದೆ. ‘ಹಿಂದೆ ಕುಳಿತವರಿಗೆ ಕೇಳಿಸುವುದಿಲ್ಲ’ ಎಂದರು, ಅಷ್ಟೇ. ಮಾತು ಮುಂದುವರಿಸುವ ಇಷ್ಟ ಅವರಿಗೆ ಇರಲಿಲ್ಲ; ಮಂಡಿನೋವು ಮುಖದಲ್ಲಿ ಕಾಣುತ್ತಿತ್ತು. ಇದನ್ನು ‘ನಿಸ್ವಾರ್ಥ ಸೇವೆ’ ಎಂದು ಕರೆದ ಕೂಡಲೇ ಆ ಮನುಷ್ಯ ಮಾಯವಾಗಿ ಒಂದು ಪದ ಮಾತ್ರ ಉಳಿಯುತ್ತದೆ. ನನ್ನಲ್ಲಿ ಉಳಿದದ್ದು ಒಂದು ಅಭ್ಯಾಸ: ಎಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತರೂ, ಹಿಂದಿನವರಿಗೆ ಕೇಳಿಸುತ್ತಿದೆಯೇ ಎಂದು ತಿರುಗಿ ನೋಡುತ್ತೇನೆ.

ಇಂಥದ್ದು ಕಣ್ಣಿಗೆ ಬೀಳದಿರುವುದಕ್ಕೆ ನಾವು ಕಲ್ಲೆದೆಯವರಾಗಿರಬೇಕಿಲ್ಲ, ಅವಸರವೊಂದು ಸಾಕು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನೋವಿಜ್ಞಾನಿಗಳು ಧರ್ಮಶಾಸ್ತ್ರದ 40 ವಿದ್ಯಾರ್ಥಿಗಳನ್ನು ಪರೀಕ್ಷಿಸಿ 1973ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಕಿರುಭಾಷಣ ಮಾಡಬೇಕೆಂದು ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ದಾರಿಯಲ್ಲಿ ಒಬ್ಬ ಮನುಷ್ಯ ಕೆಮ್ಮುತ್ತ, ನರಳುತ್ತ ಕುಸಿದು ಕುಳಿತಿದ್ದ. ಸಾಕಷ್ಟು ಸಮಯವಿದೆ ಎಂದುಕೊಂಡವರಲ್ಲಿ ಶೇ 63ರಷ್ಟು ಮಂದಿ ನೆರವಿಗೆ ಮುಂದಾದರು. ತಡವಾಯಿತೆಂದು ಓಡುತ್ತಿದ್ದವರಲ್ಲಿ ಶೇ 10 ಮಾತ್ರ. ಅರ್ಧದಷ್ಟು ವಿದ್ಯಾರ್ಥಿಗಳು ಮಾತನಾಡಬೇಕಿದ್ದ ವಿಷಯ ಬೈಬಲ್ಲಿನ ಒಳ್ಳೆಯ ಸಮಾರ್ಯದವನ ಕಥೆ, ಅಂದರೆ ದಾರಿಯಲ್ಲಿ ಬಿದ್ದವನನ್ನು ಉಪಚರಿಸಿದವನದೇ ಕಥೆ. ಆ ಕಥೆ ತಲೆಯಲ್ಲಿದ್ದದ್ದು ಖಚಿತವೆನ್ನುವಂಥ ವ್ಯತ್ಯಾಸ ಮಾಡಿದ್ದು ಅವರ ಲೆಕ್ಕದಲ್ಲಿ ಕಾಣಲಿಲ್ಲ. ಪಾಠವನ್ನು ಓದಿಕೊಂಡು ಹೊರಟವರಲ್ಲೂ ಹಲವರು ಪಾಠದ ಮಗ್ಗುಲಲ್ಲಿ ನಡೆದುಹೋದರು. ನಾನು ಬರಹದ ಕೊನೆಯ ನೀತಿವಾಕ್ಯವನ್ನು ನಂಬದಿರುವುದು ಇದೇ ಕಾರಣಕ್ಕೆ.

ಅಪರಿಚಿತರನ್ನು ಮಾತನಾಡಿಸಲು ಸಂಕೋಚ ಎಂದೂ ಬರೆದಿದ್ದೀರಿ. ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೈಲು ಬಸ್ಸುಗಳಲ್ಲಿ ಸಹಪ್ರಯಾಣಿಕರೊಂದಿಗೆ ಮಾತನಾಡಿದರೆ ಪ್ರಯಾಣ ಹಿತವಾಗಿರದು ಎಂದು ಜನ ಊಹಿಸಿದ್ದರು. ಮಾತನಾಡಿದವರ ಅನುಭವ ಇದಕ್ಕೆ ವಿರುದ್ಧವಾಗಿತ್ತು. ಆದರೆ ಎದುರಿನವರು ಮೌನ ಬಯಸಿದರೆ ಬಿಟ್ಟುಬಿಡಿ. ಅದು ಅವರ ಹಕ್ಕು.

ಇನ್ನು ನಿಮ್ಮ ಬದುಕಿನ ಮಾತು. ಪತ್ರದ ಕೊನೆಗೆ, ಯಾವ ಮಹತ್ವವನ್ನೂ ಕೊಡದೆ ಒಂದು ಸಾಲು ಬರೆದಿದ್ದೀರಿ: ಕಚೇರಿಯ ಲಿಫ್ಟಿನಲ್ಲಿ ದಿನವೂ ಸಿಗುವವರೊಬ್ಬರು ಈಚೆಗೆ ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದ್ದಾರೆ ಎಂದು. ಬರಡು ಬದುಕಿನವರಿಗೆ ಇದು ಕಾಣುವುದಿಲ್ಲ. ಅವರ ಕೈಗೆ ಏನಾಗಿದೆ ಎಂದು ಕೇಳಿ. ಅವರು ಹೇಳಿದ್ದನ್ನು, ಅವರ ಒಪ್ಪಿಗೆಯಿದ್ದರೆ, ಹೇಳಿದ ಹಾಗೆಯೇ ನನಗೆ ಬರೆದು ಕಳಿಸಿ. ಅದರಿಂದ ನೀವೇನು ಕಲಿತಿರಿ ಎಂಬುದನ್ನು ಸೇರಿಸುವುದು ಬೇಡ.

– ಸಂಪಾದಕ